ಗಿಣಿಗೆ ತರಕಾರಿ, ನಮ್ಮ ಯಜಮಾನರಿಗೆ ಪೀಕಲಾಟ

ಕೆಲವರ ಮನೆಗೆ ನಗು ಕರೆದರೂ ಬರೋದಿಲ್ಲ. ನಮ್ಮನೆಗೆ ಅದು ಚಪ್ಪಲಿ ಕೂಡ ಬಿಡದೆ ನೇರ ಅಡಿಗೆಮನೆಗೇ ಬರುತ್ತಿತ್ತು. ನಾನೇನೂ ಹುಡುಕಿಕೊಂಡು ಹೋದವಳಲ್ಲ. ಒಲೆ ಮುಂದೆ ಸುಮ್ಮನೆ ಕೂತಿದ್ದರೂ ಯಾರೋ ಒಬ್ಬರು ಏನನ್ನೋ ತಂದು ಕೈಗಿಟ್ಟು ಹೋಗೋರು. ಹಾಗೆ ಬಂದದ್ದರಲ್ಲಿ ಒಂದು ಗಿಣಿ. ಐದು ತಿಂಗಳು ನಮ್ಮನೇಲಿತ್ತು. ಒಂದು ಮಾತೂ ಆಡಲಿಲ್ಲ. ನಮ್ಮನ್ನೆಲ್ಲ ಮಾತ್ರ ಚೆನ್ನಾಗಿ ಆಡಿಸಿತು.

೧. ಎಣ್ಣೆ ತಿಂಡಿಯ ಗಿಣಿ

ಎಮರ್ಜೆನ್ಸಿ ಮುಗಿದು ಒಂದೆರಡು ವರ್ಷ ಆಗಿತ್ತು ಅಂತ ಕಾಣುತ್ತೆ. ಕಡೂರಲ್ಲಿ ರೈಲ್ವೆ ಕ್ವಾರ್ಟರ್ಸ್ ಹಿಂದುಗಡೆ ನಮ್ಮನೆ. ಮಗಳನ್ನು ಕೊಟ್ಟಾಗಿತ್ತು. ಉಳಿದವರು ನಾನು, ನಮ್ಮ ಯಜಮಾನರು, ನಮ್ಮ ಅತ್ತೆ. ಯಜಮಾನರು ಕೊಬ್ಬರಿ ಮಂಡಿಯಲ್ಲಿ ತೂಕ ಹಾಕೋ ಕೆಲಸ ಮಾಡೋರು. ನಾನು ಹಿತ್ತಲಲ್ಲಿ ನಾಲ್ಕು ಮಡಿ ಸೊಪ್ಪು ಹಾಕಿಕೊಂಡು ಕ್ವಾರ್ಟರ್ಸಿನವರಿಗೆ ಕೊಡುತ್ತಿದ್ದೆ.

ಅಲ್ಲಿ ಪಾರ್ಸಲ್ ಗುಮಾಸ್ತರೊಬ್ಬರ ಹೆಂಡತಿ ಇದ್ದಳು. ಚಿಕ್ಕ ವಯಸ್ಸು, ಬಸುರಿ. ಒಂದು ದಿನ ಗಿಣಿ ಪಂಜರ ಹಿಡಿದುಕೊಂಡು ನಮ್ಮ ಹಿತ್ತಲ ಬಾಗಿಲಿಗೆ ಬಂದಳು. ಕಣ್ಣೆಲ್ಲ ಕೆಂಪು. ಗಿಣಿ ನೋಡಿದರೆ ಗುಂಡು ಕಲ್ಲಿನ ಹಾಗಿದೆ. ಕತ್ತಿನ ಸುತ್ತ ಪುಕ್ಕ ಉದುರಿ ಹಳೇ ಚಾಪೆಯ ಅಂಚಿನ ಹಾಗಾಗಿದೆ.

"ಅಕ್ಕಾ, ದನದ ಡಾಕ್ಟರಿಗೆ ತೋರಿಸಿದೆ. ಬೋಂಡಾ, ಖಾರಾಸೇವೆ ತಿಂದು ತಿಂದು ಇದಕ್ಕೆ ಮೈಯೆಲ್ಲ ಕೊಬ್ಬಂತೆ. ಇನ್ನು ಆರು ತಿಂಗಳು ಹಿಂಗೇ ತಿಂದ್ರೆ ಉಳಿಯಲ್ಲ ಅಂದ್ರು. ಬರೀ ಒಂದು ಹಿಡಿ ನವಣೆ, ಮಿಕ್ಕಿದ್ದೆಲ್ಲ ಹಸೀ ತರಕಾರಿ ಕೊಡ್ಬೇಕಂತೆ. ನಾನು ನೋಡಿದ್ರೆ ನಾಳಿದ್ದು ಬಾಣಂತನಕ್ಕೆ ಅಜ್ಜಂಪುರಕ್ಕೆ ಹೊರಟಿದೀನಿ."

"ಜೊತೆಗೇ ಕರ್ಕೊಂಡು ಹೋಗಮ್ಮ ಮತ್ತೆ."

"ಅಲ್ಲಿ ನಮ್ಮಮ್ಮಂದು ಬೋಂಡಾ ಅಂಗಡಿ ಅಕ್ಕಾ."

"ಹಂಗಾದ್ರೆ ನಿಮ್ಮ ಯಜಮಾನ್ರ ಹತ್ರ ಬಿಡು."

"ಬೋಂಡಾ ಅಭ್ಯಾಸ ಮಾಡ್ಸಿದ್ದೇ ಅವರು. ನೀವು ಸೊಪ್ಪು ಬೆಳೆಯೋರು, ನಿಮ್ಮನೇಲಾದ್ರೆ ಉಳ್ಕೊಳ್ಳುತ್ತೆ. ಮದುವೆಗೆ ಮುಂಚಿಂದ ಸಾಕಿದ್ದು ಕಣಕ್ಕಾ. ನಾನು ಮಗು ಎತ್ಕೊಂಡು ವಾಪಸ್ ಬರೋ ಹೊತ್ತಿಗೆ ಇದು ಇರ್ಬೇಕು, ಅಷ್ಟೇ."

ಬಸುರಿ ಹೆಂಗಸು ಕಣ್ಣಲ್ಲಿ ನೀರು ಹಾಕಿಕೊಂಡು ಕೇಳಿದರೆ ಇಲ್ಲ ಅನ್ನೋಕಾಗುತ್ತಾ? ಇಟ್ಟುಕೊಂಡೆ. ಡಾಕ್ಟರು ಬರೆದುಕೊಟ್ಟ ಚೀಟಿಯನ್ನೂ ಕೊಟ್ಟು ಹೋದಳು. ನನಗೆ ಅಕ್ಷರ ಬಾರದು. ಅತ್ತೆಗಂತೂ ಇಲ್ಲವೇ ಇಲ್ಲ. ಸಾಯಂಕಾಲ ಯಜಮಾನರು ಬಂದರು, ಕೈಯಲ್ಲಿ ಎಂದಿನ ಹಾಗೆ ಹೋಟೆಲ್ಲಿನ ಬೋಂಡಾ ಪೊಟ್ಟಣ. ಚೀಟಿ ಓದಿಸಿದೆ. ಗಂಭೀರವಾಗಿ ಓದಿದರು.

"ತರಕಾರಿ ಮೂರು ನೀರಲ್ಲಿ ತೊಳೀಬೇಕು. ಒದ್ದೆ ಆರಿಸಿ ಸಣ್ಣಗೆ ಹೆಚ್ಚಬೇಕು. ಉಪ್ಪು, ಎಣ್ಣೆ, ಈರುಳ್ಳಿ, ಬೆಳ್ಳುಳ್ಳಿ ಕೂಡದು. ಬೂಷ್ಟು ಹಿಡಿದ ಕಡಲೆಕಾಯಿ ಕೂಡದು. ಮಿಕ್ಕಿದ್ದನ್ನ ಎರಡು ಗಂಟೆಯೊಳಗೆ ತೆಗೆದುಬಿಡಬೇಕು, ಇಲ್ಲದಿದ್ರೆ ಹಳಸಿ ಹೊಟ್ಟೆ ಕೆಡುತ್ತೆ."

"ಅಷ್ಟೇನಾ?"

ಯಜಮಾನರು ಒಂದು ಸಲ ಪೊಟ್ಟಣ ನೋಡಿದರು, ಒಂದು ಸಲ ಗಿಣಿ ನೋಡಿದರು. "ಕೊನೇಲಿ ಇನ್ನೊಂದು ಸಾಲಿದೆ. ತೀರಾ ಹಟ ಮಾಡಿದ್ರೆ ಒಂದು ಚೂರು ಬೋಂಡಾ ಪರವಾಗಿಲ್ಲ ಅಂತ ಬರ್ದಿದಾರೆ."

ಎಷ್ಟು ಕರುಣೆ ಇರೋ ಡಾಕ್ಟರಪ್ಪ ಅಂದುಕೊಂಡೆ.

೨. ಅತ್ತೆಯ ಉಪಚಾರ

ಮಾರನೇ ದಿನ ಕ್ಯಾರೆಟ್ಟು, ಹುರುಳೀಕಾಯಿ, ಒಂದೆರಡು ಎಸಳು ಕೊತ್ತಂಬರಿ ತೊಳೆದು, ಬಟ್ಟೆ ಮೇಲೆ ಆರಿಸಿ, ಸಾಸಿವೆ ಗಾತ್ರಕ್ಕೆ ಹೆಚ್ಚಿ ಬಟ್ಟಲಲ್ಲಿಟ್ಟೆ. ಗಿಣಿ ಬಟ್ಟಲಿಗೆ ಬೆನ್ನು ಹಾಕಿ ಕೂತುಕೊಂಡಿತು. ಎರಡು ಗಂಟೆ ಕಾದು ಬಟ್ಟಲು ತೆಗೆಯೋಕೆ ಕೈ ಹಾಕಿದೆ. ಅತ್ತೆ ಕೈ ಹಿಡಿದುಕೊಂಡರು.

"ಏನೇ ಮಾಡ್ತಿದೀಯಾ?"

"ಬಟ್ಟಲು ತೆಗೀತಿದೀನಿ ಅತ್ತೆ. ಹಳಸುತ್ತಂತೆ."

"ಉಣ್ಣೋಕೆ ಕೂತವರ ಮುಂದಿನ ಎಲೆ ಎತ್ತುತಾರೇನೇ? ನಮ್ಮ ವಂಶದಲ್ಲೇ ಯಾರೂ ಮಾಡಿಲ್ಲ. ಅವರಾಗೇ ಕೈ ತೊಳ್ಕೊಂಡು ಏಳೋ ತನಕ ಮುಟ್ಟಬಾರ್ದು."

ನಮ್ಮ ಅತ್ತೆ ಬೆಳಗ್ಗೆ ಲಿಂಗಪೂಜೆ ಆಗದೆ ನೀರೂ ಕುಡಿಯದವರು. ಜಂಗಮರು ಮನೆಗೆ ಬಂದರೆ ಪಕ್ಕದಲ್ಲೇ ನಿಂತು, ಬೇಡ ಬೇಡ ಅಂದರೂ ಬಿಡದೆ ಬಡಿಸುವವರು. ಅವರ ಜೊತೆ ವಾದ ಮಾಡೋಕಾಗುತ್ತಾ? ಬಟ್ಟಲಲ್ಲಿ ತರಕಾರಿ ಬಾಡುತ್ತಿದೆ. ನೊಣ ಬಂದು ಕೂತಿದೆ. ಅದನ್ನು ತಿಂದು ಇದಕ್ಕೇನಾದರೂ ಆದರೆ ಆ ಹುಡುಗಿಗೆ ಏನು ಹೇಳಲಿ ಅಂತ ನನಗೆ ಯೋಚನೆ.

ಕೊನೆಗೆ ಅತ್ತೆಯೇ ದಾರಿ ಹುಡುಕಿದರು. ಚೊಂಬಲ್ಲಿ ನೀರು ತಂದು ಪಂಜರದ ಮುಂದೆ ನಿಂತು, "ಆಯ್ತೇನಪ್ಪಾ ಊಟ? ಕೈ ತೊಳ್ಕೊ," ಅಂತ ಗಿಣಿಯ ಕಾಲಿಗೆ ಸಣ್ಣಗೆ ನೀರು ಬಿಟ್ಟರು. ಗಿಣಿ ಮೊದಲು ಬೆಚ್ಚಿತು. ಆಮೇಲೆ ರೆಕ್ಕೆ ಅಗಲಿಸಿ, ಕುಣಿದು, ಮೈಯೆಲ್ಲ ನೆನೆಸಿಕೊಂಡಿತು. ಅತ್ತೆಗೆ ಸಮಾಧಾನ ಆಯಿತು. "ಈಗ ಎತ್ತು."

ಮೂರು ದಿನ ಹೀಗೇ ನಡೆಯಿತು. ನಾಲ್ಕನೇ ದಿನದಿಂದ ನಾನು ಬಟ್ಟಲು ಇಡೋದೇ ತಡ, ಗಿಣಿ ತರಕಾರಿ ಕಡೆ ತಿರುಗಿಯೂ ನೋಡದೆ ಒಂದು ಕಾಲು ಮುಂದೆ ಚಾಚಿಕೊಂಡು ಅತ್ತೆಯ ಚೊಂಬಿಗೆ ಕಾಯೋಕೆ ಶುರು ಮಾಡಿತು. ಅತ್ತೆ ನನಗೆ ಹೇಳಿದರು, "ನೋಡು, ನಿನ್ನ ಗಂಡ ಐವತ್ತು ವರ್ಷದಲ್ಲಿ ಕಲೀದಿದ್ದನ್ನ ಇದು ಮೂರು ದಿನದಲ್ಲಿ ಕಲ್ತುಬಿಡ್ತು."

೩. ತರೀಕೆರೆ ಅಕ್ಕನ ಕೋಸು

ಅಷ್ಟರಲ್ಲಿ ತರೀಕೆರೆಯಲ್ಲಿರೋ ನಮ್ಮಕ್ಕನ ಮನೆಯಿಂದ ಕರೆ ಬಂತು. ಸೊಸೆಗೆ ಸೀಮಂತ, ನಾಲ್ಕು ದಿನ ಇದ್ದು ಹೋಗು ಅಂತ. ಗಿಣಿಯನ್ನು ಮನೇಲಿ ಬಿಡೋಕೆ ಧೈರ್ಯ ಬರಲಿಲ್ಲ. ಪಂಜರ ತೊಡೆ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ.

ನಮ್ಮಕ್ಕನಿಗೆ ಎಲ್ಲದರಲ್ಲೂ ನನಗಿಂತ ಒಂದು ಕೈ ಮೇಲೆ ಮಾಡಬೇಕು. ಗಿಣಿ ವಿಷಯ ಕೇಳಿ, "ಬರೀ ನೀರಲ್ಲಿ ತೊಳೆದು ಕೊಡ್ತೀಯಾ? ಕೋಸಿಗೆ ಹುಳ ಬೀಳ್ದೇ ಇರ್ಲಿ ಅಂತ ಔಷಧಿ ಹೊಡೆದಿರ್ತಾರೆ ಕಣೇ. ಅದು ಎಣ್ಣೆ ಎಣ್ಣೆ ಇರುತ್ತೆ. ನೀರಿಗೆ ಹೋಗುತ್ತಾ? ನಾಳೆ ನಾನು ತೊಳೀತೀನಿ ನೋಡು," ಅಂದಳು.

ಅವಳ ಮಾತಲ್ಲಿ ಅರ್ಧ ಸರಿಯೇ. ಔಷಧಿ ಹೊಡೆದ ಕೋಸು ಹಕ್ಕಿಗೆ ಮಾತ್ರ ಅಲ್ಲ, ಮನುಷ್ಯರಿಗೂ ಒಳ್ಳೇದಲ್ಲ. ಆದರೆ ಬೆಳಗ್ಗೆ ಎದ್ದು ಅಡಿಗೆಮನೆಗೆ ಹೋಗಿ ನೋಡುತ್ತೀನಿ, ಬೇಸಿನ್ನಿನಲ್ಲಿ ಇಡೀ ಕೋಸು ಮುಳುಗಿದೆ, ಮೇಲೆಲ್ಲ ಕಂದು ನೊರೆ. ಅಕ್ಕ ಎರಡೂ ಕೈಯಲ್ಲಿ ಅದರ ತಲೆ ತಿಕ್ಕುತ್ತಿದ್ದಾಳೆ.

"ಏನಕ್ಕಾ ಇದು?"

"ಸೀಗೇಕಾಯಿ. ನಮ್ಮ ತಲೆ ಮೇಲಿನ ಹರಳೆಣ್ಣೇನೇ ಹೋಗುತ್ತೆ, ಇದರ ಮೇಲಿಂದು ಹೋಗಲ್ವಾ?"

ಒಂದು ಎಲೆ ಗಿಣಿಯ ಮುಂದೆ ಹಿಡಿದಳು. ಗಿಣಿ ಮೂಸಿ ನೋಡಿ, ಕೊಕ್ಕನ್ನು ಪಂಜರದ ಕಂಬಿಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಉಜ್ಜಿಕೊಂಡಿತು. ನಾನು ಪಂಜರ ಎತ್ತಿಕೊಂಡು ಹಿತ್ತಲಿಗೆ ಓಡಿದೆ. ಅಲ್ಲಿ ತಾನಾಗೇ ಬೆಳೆದ ನುಗ್ಗೆ ಮರ ಇತ್ತು. ಅದಕ್ಕೆ ಯಾರು ಔಷಧಿ ಹೊಡೀತಾರೆ? ನಾಲ್ಕು ಎಸಳು ಚಿಗುರು ಕಿತ್ತು, ಬಾವಿ ನೀರಲ್ಲಿ ಚೆನ್ನಾಗಿ ಜಾಲಿಸಿ ಕೊಟ್ಟೆ. ಅದನ್ನೂ ಮುಟ್ಟಲಿಲ್ಲ ಅನ್ನಿ. ಆದರೆ ಕಂಬಿಗೆ ಕೊಕ್ಕು ಉಜ್ಜಿಕೊಳ್ಳಲಿಲ್ಲ, ಅಷ್ಟೇ ಪುಣ್ಯ.

ಅಷ್ಟು ತೊಳೆದ ಕೋಸು ಎಸೆಯೋಕೆ ಅಕ್ಕನಿಗೆ ಮನಸ್ಸು ಬರಲಿಲ್ಲ. ಮಧ್ಯಾಹ್ನ ಪಲ್ಯ ಮಾಡಿ ಭಾವನಿಗೆ ಬಡಿಸಿದಳು. ಭಾವ ಮಾತು ಕಡಿಮೆಯ ಮನುಷ್ಯ. ಪೂರಾ ತಿಂದು, ಎಲೆ ಮಡಿಸಿ, ಎದ್ದು ನಿಂತ ಮೇಲೆ ಹೇಳಿದರು, "ಉಪ್ಪು ಖಾರ ಎಲ್ಲಾ ಸರಿಯಾಗಿದೆ ಕಣೇ. ಅದೇನೋ, ಒಗ್ಗರಣೆ ಎಣ್ಣೆ ಮಾತ್ರ ಹತ್ತಿಲ್ಲ."

೪. ಅಜ್ಜಂಪುರದಲ್ಲಿ ಬಯಲಾದ ಸಾಲು

ಗುಮಾಸ್ತರ ಹೆಂಡತಿಗೆ ಹೆಣ್ಣು ಮಗು ಆಯಿತು ಅಂತ ಸುದ್ದಿ ಬಂತು. ಬಾಣಂತಿಯನ್ನು ನೋಡೋಣ ಅಂತ ಕಡೂರಲ್ಲಿ ರೈಲು ಹತ್ತಿ ಅಜ್ಜಂಪುರದಲ್ಲಿ ಇಳಿದೆ. ಹೋಗೋಕೆ ನನಗೆ ಹೆದರಿಕೆ. ಎರಡು ತಿಂಗಳಾಗಿತ್ತು, ಗಿಣಿಯ ಕತ್ತಿಗೆ ಒಂದು ಪುಕ್ಕವೂ ಬಂದಿರಲಿಲ್ಲ. ನವಣೆ ತಿಂತಿತ್ತು, ತರಕಾರಿಗೆ ಬೆನ್ನು ತೋರಿಸ್ತಿತ್ತು. ಮೈ ಮಾತ್ರ ಇಳಿದಿರಲಿಲ್ಲ. ಅದೇ ನನಗೆ ಒಗಟಾಗಿತ್ತು.

ಅವಳು ಮಗು ತೋರಿಸುವ ಮುಂಚೆಯೇ ಕೇಳಿದಳು, "ಅಕ್ಕಾ, ಹೆಂಗಿದೆ?"

ಸುಳ್ಳು ಹೇಳೋಕಾಗಲಿಲ್ಲ. "ತರಕಾರಿ ಮುಟ್ಟಲ್ಲ ಕಣಮ್ಮ. ಡಾಕ್ಟರು ಹೇಳಿದ್ದನ್ನೆಲ್ಲ ಮಾಡ್ತಿದೀನಿ, ಆ ಬೋಂಡಾ ಒಂದು ಬಿಟ್ಟು."

"ಯಾವ ಬೋಂಡಾ?"

ಚೀಟಿ ಸೆರಗಿನ ಗಂಟಲ್ಲೇ ಇತ್ತು. ಬಿಚ್ಚಿ ಕೊಟ್ಟೆ. ಓದಿದಳು. ಹಿಂದೆ ತಿರುಗಿಸಿ ನೋಡಿದಳು. "ಇಲ್ಲಿ ಬೋಂಡಾ ಅಂತ ಒಂದೇ ಕಡೆ ಇರೋದು ಅಕ್ಕಾ. ಬೋಂಡಾ ಕೊಟ್ಟರೆ ಸಾಯುತ್ತೆ ಅಂತ."

ಅವಳ ಮುಖ ಬಿಳಿಚಿಕೊಂಡಿತು. ನನ್ನ ಮುಖ ಹೇಗಾಗಿತ್ತೋ ಗೊತ್ತಿಲ್ಲ. ಅವಳ ತಾಯಿ ಮಾತ್ರ ನನ್ನ ಕೈಗೆ ಒಂದು ಪೊಟ್ಟಣ ಕೊಟ್ಟರು. "ಪಾಪ, ಗಿಣಿಗೆ ಬಾಯಿ ಕೆಟ್ಟಿರುತ್ತೆ, ನಾಲ್ಕು ಬೋಂಡಾ ಇದೆ" ಅಂತ.

ಸಾಯಂಕಾಲ ಮನೆಗೆ ಬಂದವಳು ಬಾಗಿಲು ಬಡಿಯದೆ ಹಿತ್ತಲಿಂದ ಒಳಗೆ ಹೋದೆ. ಪಡಸಾಲೆಯಲ್ಲಿ ಯಜಮಾನರು ಗೋಡೆಗೆ ಒರಗಿ ಕೂತಿದ್ದಾರೆ. ಪಂಜರ ಎದುರಿಗಿದೆ. ಒಂದು ಬೋಂಡಾ ಅವರ ಕೈಯಲ್ಲಿ, ಒಂದು ಬೋಂಡಾ ಗಿಣಿಯ ಕಾಲಲ್ಲಿ. ಇಬ್ಬರೂ ಒಟ್ಟಿಗೆ ತಲೆ ಎತ್ತಿ ನನ್ನ ನೋಡಿದರು.

"ಚೀಟಿ ಓದಿಸ್ಕೊಂಡು ಬಂದೆ," ಅಂದೆ.

ಅವರು ಕೈಯಲ್ಲಿದ್ದ ಬೋಂಡಾ ಪೊಟ್ಟಣದ ಮೇಲಿಟ್ಟರು. ಆಮೇಲೆ ಮೆಲ್ಲಗೆ, "ನಾನು ತಿನ್ನೋವಾಗ ಅದು ನನ್ನ ಬಾಯಿನೇ ನೋಡ್ಕೊಂಡು ಕೂರುತ್ತೆ ಕಣೇ. ಒಂದು ಜೀವ ನೋಡ್ತಾ ಇರೋವಾಗ ಹೆಂಗೆ ಬಿಟ್ಟು ತಿನ್ಲಿ?" ಅಂದರು.

ಬೈಯಬೇಕು ಅಂತ ಬಾಯಿ ತೆರೆದೆ. ಆಗಲೇ ನನಗೆ ಹೊಳೆದದ್ದು. ಅದಕ್ಕೆ ಬೋಂಡಾ ಬೇಕಾಗಿರಲಿಲ್ಲ. ಎದುರಿಗೆ ಕೂತವರು ಏನು ತಿಂತಾರೋ ಅದು ಬೇಕಾಗಿತ್ತು. ಒಂಟಿಯಾಗಿ ಬಟ್ಟಲು ಇಟ್ಟರೆ ಅದಕ್ಕೆ ಊಟ ಅನ್ನಿಸುತ್ತಿರಲಿಲ್ಲ.

"ನಾಳೆಯಿಂದ ನೀವು ಇದರ ಜೊತೆ ಕೂತು ಹಸೀ ತರಕಾರಿ ತಿನ್ನಬೇಕು," ಅಂದೆ.

ಯಜಮಾನರು ಮೂಲೆಯಲ್ಲಿ ಜಪಕ್ಕೆ ಕೂತಿದ್ದ ತಾಯಿಯ ಕಡೆ ತಿರುಗಿದರು. "ಅವ್ವಾ, ಈ ಶಿಕ್ಷೆ ಗಿಣಿಗೋ ನನಗೋ?"

ಅತ್ತೆ ಜಪದಿಂದ ಕಣ್ಣು ತೆರೆಯದೆಯೇ ಹೇಳಿದರು, "ಅದಕ್ಕೆ ಊಟ ಕಣೋ. ನಿನಗೆ ಶಿಕ್ಷೆ."

೫. ಕಣ್ಣೀರು

ಹೀಗೆ ದಿನಾ ಮಧ್ಯಾಹ್ನ ಯಜಮಾನರು ಮಂಡಿಯಿಂದ ಬಂದು, ಕಾಲು ತೊಳೆದು, ಪಂಜರದ ಮುಂದೆ ಚಕ್ಕಂಬಕ್ಕಳ ಹಾಕಿ ಕೂರೋದು. ಇಬ್ಬರಿಗೂ ಒಂದೇ ಬಗೆ. ಅವರೊಂದು ತುಂಡು ಕ್ಯಾರೆಟ್ ಕಚ್ಚಿದರೆ ಅದೂ ಒಂದು ತುಂಡು ಎತ್ತಿಕೊಳ್ಳೋದು. ಅವರು ಅಗಿಯೋದು ನಿಲ್ಲಿಸಿದರೆ ಅದೂ ನಿಲ್ಲಿಸೋದು. ನುಂಗುವುದನ್ನೂ ನೋಡುತ್ತಿತ್ತು. ಬಾಯಲ್ಲಿಟ್ಟುಕೊಂಡು ಹಿತ್ತಲಿಗೆ ಹೋಗಿ ಉಗಿಯೋಣ ಅಂದರೆ ಆಗುತ್ತಿರಲಿಲ್ಲ.

ಕ್ಯಾರೆಟ್ಟು, ಹುರುಳೀಕಾಯಿ, ನುಗ್ಗೆ ಚಿಗುರು ಹೇಗೋ ಸಾಗಿತು. ಕತ್ತಿಗೆ ಹಸಿರು ಪುಕ್ಕ ಮುಳ್ಳು ಮುಳ್ಳಾಗಿ ಹುಟ್ಟೋಕೆ ಶುರುವಾಯಿತು. ನಾನು ಖುಷಿಯಲ್ಲಿ ಡಾಕ್ಟರ ಹತ್ತಿರ ಹೋಗಿ, ಇನ್ನೇನು ಕೊಡಬಹುದು ಅಂತ ಕೇಳಿದೆ. "ಹಸಿಮೆಣಸಿನಕಾಯಿ ಕೊಡಮ್ಮ. ನಮಗಾಗೋ ಖಾರ ಅದಕ್ಕೆ ಆಗಲ್ಲ, ಇಷ್ಟಪಟ್ಟು ತಿನ್ನುತ್ತೆ," ಅಂದರು.

ಮಾರನೇ ದಿನ ಎರಡು ಮೆಣಸಿನಕಾಯಿ ತೊಳೆದು ಇಟ್ಟೆ. ಗಿಣಿ ಒಂದನ್ನು ಕಾಲಲ್ಲಿ ಹಿಡಿದು, ಯಜಮಾನರ ಬಾಯಿ ನೋಡಿಕೊಂಡು ಕಾದಿತು.

"ಬೇಡ ಕಣೇ," ಅಂದರು ನನಗೆ.

"ತುದಿ ಮಾತ್ರ ಕಚ್ಚಿ."

ತುದಿ ಕಚ್ಚಿದರು. ಗಿಣಿ ತುದಿ ತಿಂದು ನಿಲ್ಲಿಸಿತು. ನಡು ಕಚ್ಚಿದರು. ಗಿಣಿ ನಡು ತಿಂತು. ಅವರ ಕಣ್ಣಿಂದ ನೀರು ದಳದಳ ಇಳಿಯುತ್ತಿದೆ, ಮೂಗು ಸೋರುತ್ತಿದೆ, ಹಾ ಹೂ ಅನ್ನುತ್ತಾ ಪಂಜರದ ಕಂಬಿ ಹಿಡಿದುಕೊಂಡಿದ್ದಾರೆ. ಅದೇ ಹೊತ್ತಿಗೆ ಪಕ್ಕದ ಮನೆಯಾಕೆ ಹೆಪ್ಪಿಗೆ ಮಜ್ಜಿಗೆ ಕೇಳೋಕೆ ಬಂದಳು. ಬಾಗಿಲಲ್ಲೇ ನಿಂತಳು. ಗಿಣಿ ಬಟ್ಟಲ ಹಿಂದೆ ಬಗ್ಗಿ ಬೀಜ ಹೆಕ್ಕುತ್ತಿತ್ತು, ಅವಳಿಗೆ ಕಾಣಲಿಲ್ಲ.

ಒಳಗೆ ಬಂದವಳೇ ಸೆರಗು ಬಾಯಿಗೆ ಹಿಡಿದುಕೊಂಡು ಸಮಾಧಾನ ಹೇಳಿದಳು. "ಹೋಗ್ಲಿ ಬಿಡಿ ಅಣ್ಣಾ. ನಿಮ್ಮ ಕೈಲಾಗಿದ್ದು ನೀವು ಮಾಡಿದ್ರಿ. ಅದರ ಋಣ ಅಷ್ಟೇ ಇತ್ತು. ಎಲ್ಲಿ ಮಣ್ಣು ಮಾಡ್ತೀರಾ?"

ಗಿಣಿ ಬಟ್ಟಲ ಹಿಂದಿಂದ ಎದ್ದು ಅವಳನ್ನು ನೋಡಿತು. ಯಜಮಾನರು ಖಾರದಲ್ಲಿ ಕೈ ಸನ್ನೆಯಲ್ಲೇ ಹೇಳಿದರು: ಅದಕ್ಕೇನೂ ಆಗಿಲ್ಲ, ಮಣ್ಣು ಮಾಡೋದಿದ್ದರೆ ನನ್ನನ್ನೇ ಮಾಡಿ ಅಂತ.

೬. ಒಂದೇ ಪಂಕ್ತಿ

ಐದು ತಿಂಗಳು ತುಂಬಿದ ಮೇಲೆ ಆ ಹುಡುಗಿ ಮಗು ಎತ್ತಿಕೊಂಡು ಬಂದಳು. ಪಂಜರ ನೋಡಿ ಬಾಗಿಲಲ್ಲೇ ಕೂತುಬಿಟ್ಟಳು. ಗಿಣಿಯ ಮೈ ಹಗುರಾಗಿತ್ತು, ಕತ್ತಿನ ತುಂಬಾ ಹೊಸ ಪುಕ್ಕ. ಗಿಣಿ ಅವರ ಮನೆಗೆ ಹೋಯಿತು. ಯಜಮಾನರು ಆ ಸಾಯಂಕಾಲ ನಾಲ್ಕು ಬೋಂಡಾ ತಂದು, ಯಾರೂ ನೋಡದ ಕಡೆ ಕೂತು, ನಿಧಾನವಾಗಿ ತಿಂದರು.

ಮೂರನೇ ದಿನ ಸ್ಟೇಷನ್ನಿನ ಹಮಾಲಿ ಓಡಿ ಬಂದ. "ಅಕ್ಕೋರೆ, ಅಮ್ಮಾವ್ರು ಅಳ್ತಾ ಕೂತವ್ರೆ. ಗಿಣಿ ಎರಡು ದಿನದಿಂದ ಏನೂ ಮುಟ್ಟಿಲ್ವಂತೆ. ನವಣೇನೂ ಇಲ್ಲ."

ಹೋಗಿ ನೋಡಿದೆ. ಗಿಣಿ ಪುಕ್ಕ ಉಬ್ಬಿಸಿಕೊಂಡು ಮೂಲೆಯಲ್ಲಿ ಕೂತಿದೆ. ತರಕಾರಿ ನಾನು ಹೇಳಿಕೊಟ್ಟ ಹಾಗೇ ತೊಳೆದು ಹೆಚ್ಚಿಟ್ಟಿದ್ದಾಳೆ. ಎದುರಿಗೆ ಕೂತು ಅವಳೂ ಕ್ಯಾರೆಟ್ ತಿಂದಳು, ಗುಮಾಸ್ತರೂ ತಿಂದರು, ನಾನೂ ತಿಂದೆ. ಅದು ನಮ್ಮನ್ನೆಲ್ಲ ದಾಟಿ ಬಾಗಿಲ ಕಡೆ ನೋಡುತ್ತಿತ್ತು.

ಹಮಾಲಿಯನ್ನು ಮಂಡಿಗೆ ಓಡಿಸಿದೆ. ಯಜಮಾನರು ತಕ್ಕಡಿ ಬಿಟ್ಟು ಬಂದರು. ಅವರು ಚಕ್ಕಂಬಕ್ಕಳ ಹಾಕಿ, ನಿಟ್ಟುಸಿರು ಬಿಟ್ಟು, ಒಂದು ಹುರುಳೀಕಾಯಿ ಕಟಕ್ ಅಂತ ಮುರಿದರು. ಗಿಣಿ ಇಳಿದು ಬಂದು ಒಂದು ತುಂಡು ಎತ್ತಿಕೊಂಡಿತು. ಆ ಹುಡುಗಿ ಕಣ್ಣು ಒರೆಸಿಕೊಂಡು, "ಅಣ್ಣಾ, ನನ್ನ ಮೇಲೆ ಬೇಜಾರು ಮಾಡ್ಕೋಬೇಡಿ. ಇವರಿಗೆ ಅಭ್ಯಾಸ ಆಗೋ ತನಕ ದಿನಾ ಬಂದು ಹೋಗಿ," ಅಂತ ಗಂಡನನ್ನು ಯಜಮಾನರ ಪಕ್ಕದಲ್ಲೇ ಕೂರಿಸಿದಳು.

ಯಜಮಾನರಿಗೆ ಮಂಡಿಯಲ್ಲಿ ಹೇಳಿಕೊಳ್ಳೋಕೆ ನಾಚಿಕೆ. ಯಾರಾದರೂ ಕೇಳಿದರೆ, "ರೈಲ್ವೆಯಲ್ಲಿ ಸ್ವಲ್ಪ ಕೆಲಸ ಇದೆ," ಅನ್ನೋರು. ಎಂಟು ದಿನ ಆಯಿತು. ಮಂಡಿ ಸಾಹುಕಾರರಿಗೆ ಅನುಮಾನ ಬಂತು. ದೊಡ್ಡ ಮೈಯವರು, ಸಕ್ಕರೆ ಕಾಯಿಲೆ ಬೇರೆ, ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಆದರೂ ಇವನು ದಿನಾ ಎಲ್ಲಿ ಮಾಯ ಆಗುತ್ತಾನೆ ನೋಡೇ ಬಿಡೋಣ ಅಂತ ಬೆನ್ನು ಹತ್ತಿ ಬಂದರು.

ಬಂದು ನೋಡಿದರೆ ಕ್ವಾರ್ಟರ್ಸಿನ ಜಗಲಿ ಮೇಲೆ ಚಾಪೆ ಹಾಸಿದೆ. ಸಾಲಾಗಿ ಮುತ್ತುಗದ ಎಲೆ. ಒಂದರ ಮುಂದೆ ತಮ್ಮ ತೂಕದವನು, ಒಂದರ ಮುಂದೆ ರೈಲ್ವೆ ಗುಮಾಸ್ತರು. ಎದುರಿಗೆ ಪಂಜರದಲ್ಲಿ ಗಿಣಿ. ಮೂವರೂ ಒಂದೇ ತಾಳದಲ್ಲಿ ಕ್ಯಾರೆಟ್ ಅಗಿಯುತ್ತಿದ್ದಾರೆ.

"ಏನೋ ಇದು? ಯಾವ ವ್ರತಾನೋ?"

ಯಜಮಾನರಿಗೆ ಬಾಯಿ ತೆರೆಯುವ ಹಾಗಿಲ್ಲ. ಅವರು ನಿಲ್ಲಿಸಿದರೆ ಗಿಣಿಯೂ ನಿಲ್ಲಿಸುತ್ತೆ. ಗುಮಾಸ್ತರೇ ತಗ್ಗಿದ ದನಿಯಲ್ಲಿ ಹೇಳಿದರು, "ನಿಂತ್ಕೋಬೇಡಿ ಸಾಹುಕಾರ್ರೆ. ಎದ್ದು ನಿಂತೋರನ್ನ ನೋಡಿದ್ರೆ ಊಟ ಮುಗೀತು ಅನ್ಕೊಳ್ಳುತ್ತೆ. ದಯವಿಟ್ಟು ಕೂತ್ಕೊಳ್ಳಿ."

ಸಾಹುಕಾರರು ಕೂತರು. ಕೂತವರ ಮುಂದೆ ಆ ಹುಡುಗಿ ಎಲೆ ಹಾಕಿದಳು.

"ಅಯ್ಯೋ, ನನಗೆ ಹಸೀದೆಲ್ಲ ಸೇರಲ್ಲ ಕಣಮ್ಮ."

ಗಿಣಿ ಕ್ಯಾರೆಟ್ ಕೆಳಗೆ ಬಿಟ್ಟು, ಸಾಹುಕಾರರ ಖಾಲಿ ಬಾಯಿಯನ್ನೇ ನೋಡೋಕೆ ಶುರು ಮಾಡಿತು. ಜಗಲಿಯಲ್ಲಿ ಎಲ್ಲರೂ ಸಾಹುಕಾರರನ್ನೇ ನೋಡಿದರು. ಅವರು ಒಂದು ತುಂಡು ಬಾಯಿಗೆ ಹಾಕಿಕೊಂಡರು. ಗಿಣಿ ತನ್ನದನ್ನು ಎತ್ತಿಕೊಂಡಿತು. ಅವರು ಇನ್ನೊಂದು ಹಾಕಿಕೊಂಡರು. ಎಲೆ ಖಾಲಿ ಆದ ಮೇಲೆ, "ಆ ಸೌತೆಕಾಯಿ ಇನ್ನೊಂದು ಚೂರು ಇದ್ರೆ ಹಾಕಮ್ಮ, ಪಾಪ ಅದು ಕಾಯ್ತಿದೆ," ಅಂದರಂತೆ.

ಮಾರನೇ ದಿನ ಬೆಳಗ್ಗೆಯೇ ಸಾಹುಕಾರರ ಹೆಂಡತಿ ನಮ್ಮನೆಗೆ ಬಂದರು. ಅವರು ನಮ್ಮನೆ ಹೊಸ್ತಿಲು ತುಳಿದದ್ದು ಅದೇ ಮೊದಲು.

"ಸಕ್ಕರೆ ಕಾಯಿಲೆಗೆ ತರಕಾರಿ ತಿನ್ನಿ ಅಂತ ಡಾಕ್ಟರು ಹೇಳಿ ಹೇಳಿ ಸಾಕಾದ್ರು. ನಾನು ಗೋಗರೆದು ಸಾಕಾದೆ. ನಿನ್ನೆ ಸಾಯಂಕಾಲ ಇವರಾಗೇ ಸೌತೆಕಾಯಿ ಇದೆಯಾ ಅಂತ ಕೇಳಿದ್ರು ಕಣಮ್ಮ. ಆ ಗಿಣೀನ ಒಂದೇ ಒಂದು ತಿಂಗಳು ನಮ್ಮನೇಲಿ ಇಟ್ಕೊಳ್ಳೋಕೆ ಕೊಡ್ತಾಳಾ, ನೀನು ಸ್ವಲ್ಪ ಕೇಳಿ ನೋಡು."

ನಾನು ಹೋಗಿ ಕೇಳಿದೆ. ಆ ಹುಡುಗಿ ಮಗುವನ್ನು ತೊಡೆ ಮೇಲೆ ಮಲಗಿಸಿಕೊಂಡು ಸೊಪ್ಪು ಬಿಡಿಸುತ್ತಿದ್ದಳು. ಸ್ವಲ್ಪ ಯೋಚನೆ ಮಾಡಿದಳು.

"ಗಿಣಿ ಕೊಡಲ್ಲ ಅಕ್ಕಾ. ಐದು ತಿಂಗಳು ಬಿಟ್ಟಿದ್ದಕ್ಕೇ ನನಗೆ ಸಾಕಾಗಿದೆ. ಬೇಕಿದ್ರೆ ಅವರು ತಮ್ಮ ಯಜಮಾನ್ರನ್ನೇ ತಂದು ಇಲ್ಲಿ ಬಿಟ್ಟು ಹೋಗ್ಲಿ, ನಾನು ತರಕಾರಿ ತಿನ್ನಿಸಿ ವಾಪಸ್ ಕೊಡ್ತೀನಿ. ಪಂಜರ ಮಾತ್ರ ಅವರೇ ತರ್ಬೇಕು."